ಸಿನಿಮಾಕ್ಕೆ ಕೊಡೋ ಕಥೆ ಇದೆ ಅಂತೀರಾ? ಬಾಯಲ್ಲಿ ಹೇಳೋ ಮುಂಚೆ ಹಾಳೆ ಮೇಲೆ ಇಳಿಸಿ

ಸಕ್ರೆಬೈಲು: ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿ.ಮೀ. ಬಂದ್ರೆ ಆನೆ ಬಿಡಾರ. ತುಂಗೆಯ ಹಿನ್ನೀರು, ಎದುರಿಗೆ ಕಾಡು, ಬೆಳಗ್ಗೆ ಆನೆ ಸ್ನಾನ. ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ಏನು ಬೇಕು? ಆಲ್ಬಂ ಸಾಂಗ್‌ನವರು ಬರ್ತಾರೆ, ಪ್ರಿ ವೆಡ್ಡಿಂಗ್‌ನವರು ಬರ್ತಾರೆ, ಶಾರ್ಟ್ ಫಿಲ್ಮ್ ಹುಡುಗ್ರು ಬರ್ತಾರೆ. ಪುನೀತ್ ರಾಜ್‌ಕುಮಾರ್ ‘ಗಂಧದ ಗುಡಿ’ ಸಾಕ್ಷ್ಯಚಿತ್ರಕ್ಕೆ ಇಲ್ಲಿಗೆ ಬಂದು ಹೋಗಿದ್ದರು. ಅವರು 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೆ ಬಿಡಾರದ ಒಂದು ಮರಿಯಾನೆಗೆ ಅವರ ಹೆಸರನ್ನೇ ಇಟ್ಟರು. ಆ ಸುದ್ದಿ ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ ವಿಷಯ ಏನಂದ್ರೆ, ಬಂದವರು ಬರೀ ಜಾಗ ಶೂಟ್ ಮಾಡ್ಕೊಂಡು ಹೋಗಲ್ಲ. ಟೀ ಅಂಗಡಿಲಿ ಕೂತು ಕಥೆನೂ ಕೇಳ್ಕೊಂಡು ಹೋಗ್ತಾರೆ. ನಾವೂ ಖುಷಿಯಿಂದ ಹೇಳ್ತೀವಿ.

ನಾನೇ ಹೇಳಿದ್ದೆ. ಡಿಗ್ರಿ ಅರ್ಧಕ್ಕೆ ಬಿಟ್ಟು ಸುದ್ದಿ ಬರೆಯೋಕೆ ಶುರು ಮಾಡಿದ ಹೊಸದು. ಲೊಕೇಶನ್ ನೋಡೋಕೆ ಬಂದಿದೀನಿ ಅಂತ ಒಬ್ಬರು ಸಿಕ್ಕರು. ಒಂದು ಗಂಟೆ ಕೂತು, ಎರಡು ಟೀ ಕುಡಿದು, ಅವರಿಗೆ ಗಂಟೆಗೆ ಕೆಸರು ತುಂಬೋ ಆನೆ ಕಥೆ ಹೇಳಿದೆ. ರಾತ್ರಿ ಕಾಡಿಗೆ ಮೇಯೋಕೆ ಬಿಟ್ಟ ಆನೆ, ಬೆಳಗ್ಗೆ ಹುಡುಕೋಕೆ ಬರೋ ಕಾವಾಡಿಗೆ ಸಿಗಬಾರದು ಅಂತ ತನ್ನ ಕೊರಳ ಗಂಟೆಗೆ ತಾನೇ ಕೆಸರು ಮೆತ್ತಿಕೊಂಡು ಸದ್ದಿಲ್ಲದೆ ನಿಂತುಬಿಡುತ್ತೆ. ‘ಸೂಪರ್ ಬ್ರದರ್, ಕಾಲ್ ಮಾಡ್ತೀನಿ’ ಅಂದ್ರು. ಕಾಲ್ ಬರಲಿಲ್ಲ. ಒಂದೂವರೆ ವರ್ಷ ಆದ ಮೇಲೆ ಒಂದು ಶಾರ್ಟ್ ಫಿಲ್ಮ್‌ನಲ್ಲಿ ಅದೇ ಆನೆ, ಅದೇ ಗಂಟೆ, ಅದೇ ಕೆಸರು. ಟೈಟಲ್ ಕಾರ್ಡ್‌ನಲ್ಲಿ ಕಥೆ ಅಂತ ಇನ್ಯಾರದೋ ಹೆಸರು.

ಮೂರು ದಿನ ಉರ್ಕೊಂಡೆ. ಆಮೇಲೆ ಒಬ್ಬ ವಕೀಲರ ಹತ್ರ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಬರೆದಿದ್ದು ಏನಾದ್ರೂ ಇದೆಯಾ?’ ಇರಲಿಲ್ಲ.

ಅವತ್ತಿಂದ ಈ ಚಿತ್ರಕಥೆ, ಹಕ್ಕು, ಅಗ್ರಿಮೆಂಟ್ ಅನ್ನೋದೆಲ್ಲ ಏನು ಅಂತ ಓದ್ತಾ ಬಂದೆ. ನಮ್ಮ ತಾಲೂಕಲ್ಲಿ ‘ನನ್ ಹತ್ರ ಒಂದ್ ಸಬ್ಜೆಕ್ಟ್ ಇದೆ’ ಅನ್ನೋರು ಕಡಿಮೆ ಇಲ್ಲ. ಅಂಗಡಿ ಮಾಲೀಕರನ್ನ ‘ಸಣ್ಣ ಪ್ರೊಡ್ಯೂಸರ್ ಆಗಿ’ ಅಂತ ಕೇಳೋರೂ ಇದಾರೆ. ಇಬ್ಬರಿಗೂ ಉಪಯೋಗ ಆಗಲಿ ಅಂತ ಈ ಬರಹ.

ಕಾನೂನು ಕಾಯೋದು ಯಾವುದನ್ನ?

ಕಥೆಯ ಎಳೆಗೆ ಕಾಪಿರೈಟ್ ಇಲ್ಲ. ಅದನ್ನ ನೀವು ಯಾವ ರೀತಿ ಬರೆದಿದೀರೋ ಆ ಬರಹಕ್ಕೆ ಮಾತ್ರ ಇದೆ. ಇದಕ್ಕೆ ಎಲ್ಲರೂ ಎತ್ತಿ ಹೇಳೋ ಕೇಸ್ ಒಂದಿದೆ. ಆರ್.ಜಿ. ಆನಂದ್ ಅನ್ನೋ ನಾಟಕಕಾರರು ‘ಹಮ್ ಹಿಂದೂಸ್ತಾನಿ’ ಅನ್ನೋ ನಾಟಕ ಬರೆದಿದ್ದರು. ಸಿನಿಮಾದವರು ಕೇಳಿದ್ರು ಅಂತ ಇಡೀ ನಾಟಕ ಓದಿ ಹೇಳಿದ್ದರು. 1956ರಲ್ಲಿ ‘ನ್ಯೂ ಡೆಲ್ಲಿ’ ಅನ್ನೋ ಸಿನಿಮಾ ಬಂತು. ಇದು ನನ್ನದೇ ಅಂತ ಕೋರ್ಟಿಗೆ ಹೋದರು. 1978ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅವರು ಸೋತರು. ಬೇರೆ ಬೇರೆ ಪ್ರಾಂತ್ಯದ ಎರಡು ಕುಟುಂಬ, ಅವರ ಮಕ್ಕಳ ಪ್ರೀತಿ ಅನ್ನೋ ವಸ್ತು ಯಾರ ಸ್ವತ್ತೂ ಅಲ್ಲ, ಸಿನಿಮಾದಲ್ಲಿ ಅದನ್ನ ಬೆಳೆಸಿದ ರೀತಿ ಬೇರೆ ಇದೆ ಅನ್ನೋದು ತೀರ್ಪಿನ ಸಾರ.

ಇನ್ನೊಂದು ಕೇಸ್ ಇದಕ್ಕೆ ಉಲ್ಟಾ. ಸಂಡಿಯಲ್ ಅನ್ನೋ ಕಂಪನಿ ಕೃಷ್ಣನ ಥರದ ಮಗು ಒಂದು ಮನೆಗೆ ಬರೋ ಸೀರಿಯಲ್ ಐಡಿಯಾವನ್ನ ಬರೆದು, ಮುಂಬೈನ ಬರಹಗಾರರ ಸಂಘದಲ್ಲಿ ರಿಜಿಸ್ಟರ್ ಮಾಡಿಸಿ, ಆಮೇಲೆ ಝೀ ಟಿವಿಯವರಿಗೆ ಕೊಟ್ಟಿತ್ತು. ಅದೇ ಥರದ ಸೀರಿಯಲ್ ಬಂದಾಗ 2003ರಲ್ಲಿ ಬಾಂಬೆ ಹೈಕೋರ್ಟ್ ಸಂಡಿಯಲ್ ಪರ ನಿಂತಿತು. ನಂಬಿಕೆ ಮೇಲೆ ಕೊಟ್ಟ ಬರಹವನ್ನ ಹಂಗೆ ಬಳಸೋ ಹಾಗಿಲ್ಲ ಅಂತ. ಅವರ ಹತ್ರ ಹಾಳೆ ಇತ್ತು, ತಾರೀಕು ಇತ್ತು, ಯಾರಿಗೆ ಕೊಟ್ಟೆ ಅನ್ನೋ ದಾಖಲೆ ಇತ್ತು.

ನನ್ನ ಹತ್ರ ಇದ್ದಿದ್ದು ಎರಡು ಟೀ ಬಿಲ್. ಅದೂ ನಾನೇ ಕೊಟ್ಟಿದ್ದು.

ಹಾಗಾದ್ರೆ ಏನು ಬರೀಬೇಕು?

ಚಿತ್ರಕಥೆ ಅಂದ್ರೆ ಕಥೆ ಅಲ್ಲ. ನಾನು ಸುದ್ದಿ ಬರೆಯೋನು, ಅದಕ್ಕೆ ಸುದ್ದಿ ಉದಾಹರಣೆನೇ ಕೊಡ್ತೀನಿ.

2023ರ ಶಿವಮೊಗ್ಗ ದಸರಾ ನೆನಪಿದೆಯಲ್ಲ? ಜಂಬೂ ಸವಾರಿಗೆ ಅಂತ ಸಕ್ರೆಬೈಲಿನಿಂದ ಹೋಗಿದ್ದ ನೇತ್ರಾವತಿ ಆನೆ, ಮೆರವಣಿಗೆಯ ಹಿಂದಿನ ರಾತ್ರಿ ಊರೊಳಗೇ ಮರಿ ಹಾಕಿತು. ಸುದ್ದಿ ಹೆಂಗೆ ಬರೀತೀವಿ? ‘ದಸರಾಕ್ಕೆ ಬಂದ ಆನೆ ಮರಿಗೆ ಜನ್ಮ’ ಅಂತ ಹೆಡ್‌ಲೈನ್. ಕೊನೆ ಆಗಿದ್ದನ್ನ ಮೊದಲನೇ ಸಾಲಲ್ಲೇ ಒಡೆದುಬಿಡ್ತೀವಿ. ಓದುಗನಿಗೆ ಟೈಮ್ ಇಲ್ಲ.

ಚಿತ್ರಕಥೆ ಹಂಗಲ್ಲ. ಅಲ್ಲಿ ಮೊದಲು ಮಾವುತ ಬೇಕು (ನಿಜದ ಮಾವುತ ಅಲ್ಲ, ನಾವು ಕಲ್ಪಿಸಿದವನು). ಅವನಿಗೊಂದು ಆಸೆ ಬೇಕು, ಈ ಸಲ ನನ್ನ ಆನೆ ಮೆರವಣಿಗೆಲಿ ನಡೀಬೇಕು ಅಂತ. ತಾಲೀಮು ನಡೀತಾ ಇದೆ, ಆನೆ ಯಾಕೋ ಮಂಕಾಗಿದೆ. ಅವನಿಗೆ ಅನುಮಾನ. ಹೇಳಿದ್ರೆ ಆನೆ ವಾಪಸ್, ಹೇಳದೆ ಇದ್ರೆ ಆನೆಗೆ ಕಷ್ಟ. ನೋಡಿ, ಈಗ ನಿಮಗೆ ಮುಂದೇನು ಅಂತ ಅನ್ನಿಸ್ತಾ ಇದೆ. ಮರಿ ಹುಟ್ಟೋದು ಎಲ್ಲೋ ಕೊನೆಗೆ. ಘಟನೆ ಒಂದೇ, ಆದ್ರೆ ಯಾರ ಕಣ್ಣಲ್ಲಿ, ಯಾವಾಗ, ಎಷ್ಟು ತೋರಿಸ್ತೀರಿ ಅನ್ನೋದೇ ಚಿತ್ರಕಥೆ. ಅಂದಹಾಗೆ ಆ ಘಟನೆ ಯಾರ ಸ್ವತ್ತೂ ಅಲ್ಲ. ನೀವೂ ಬರೀಬಹುದು, ಭದ್ರಾವತಿಲಿ ಕೂತವರೂ ಬರೀಬಹುದು. ನೀವು ಬರೆದ ದೃಶ್ಯಗಳು ಮಾತ್ರ ನಿಮ್ಮವು.

ಎರಡನೇ ಮಾತು. ಕಣ್ಣಿಗೆ ಕಾಣದ್ದು, ಕಿವಿಗೆ ಕೇಳದ್ದು ಹಾಳೆ ಮೇಲೆ ಬರಬಾರದು. ‘ಹುಡುಗನಿಗೆ ಆನೆ ಅಂದ್ರೆ ಪ್ರಾಣ’ ಅಂತ ಬರೆದ್ರೆ ಕ್ಯಾಮೆರಾಮನ್ ಏನು ಶೂಟ್ ಮಾಡ್ಬೇಕು? ತನ್ನ ಪಾಲಿನ ಬೆಲ್ಲದಲ್ಲಿ ಅರ್ಧ ಮುರಿದು ಆನೆ ಬಾಯಿಗೆ ಇಡ್ತಾನೆ ಅಂತ ಬರೀಬೇಕು. ನನ್ನ ಗಂಟೆ ಕಥೆನ ಹಿಂಗೆ ಬರೆದೆ:

ದೃಶ್ಯ 1. ಹೊರಗೆ. ಕಾಡಿನ ಅಂಚು. ಬೆಳಗಿನ ಜಾವ.
ಮಂಜು. ಹುಡುಗ (12) ನಿಂತು ಕಿವಿ ಕೊಡುತ್ತಾನೆ. ಹಕ್ಕಿ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನೆಲದ ಮೇಲೆ ಸರಪಳಿ ಎಳೆದ ಗೆರೆ. ಗೆರೆ ಹಿಡಿದು ನಡೆಯುತ್ತಾನೆ. ಬಿದಿರು ಮೆಳೆ. ಅದರ ಹಿಂದೆ, ಕೈಗೆ ಸಿಗುವಷ್ಟು ಹತ್ತಿರ, ಆನೆ ಕದಲದೆ ನಿಂತಿದೆ. ಹುಡುಗ ಅದರ ಗಂಟೆ ಅಲ್ಲಾಡಿಸುತ್ತಾನೆ. ಸದ್ದಿಲ್ಲ. ಒಳಗೆ ಬೆರಳು ಹಾಕುತ್ತಾನೆ. ಕೆಸರು.
ಹುಡುಗ: ಕಳ್ಳ.

ಇಷ್ಟೇ. ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು ಅಂತ ಮೇಲೆ ಒಂದು ಸಾಲು. ಇದನ್ನ ನೋಡಿನೇ ಶೂಟಿಂಗ್ ಮ್ಯಾನೇಜರ್ ಎಷ್ಟು ದಿನ, ಎಷ್ಟು ಲೈಟು, ಎಷ್ಟು ಗಾಡಿ ಅಂತ ಲೆಕ್ಕ ಹಾಕೋದು. ‘ಬೆಳಗಿನ ಜಾವ’ ಅಂತ ಬರೆದಿದ್ದಕ್ಕೆ ಇಡೀ ಯೂನಿಟ್ ಮೂರು ಗಂಟೆಗೆ ಏಳಬೇಕು. ‘ಆನೆ’ ಅಂತ ಬರೆದಿದ್ದಕ್ಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು, ಪ್ರಾಣಿ ಬಳಸೋಕೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. ಆ ಪತ್ರ ಇಲ್ಲದೆ ಸೆನ್ಸಾರ್ ಹತ್ರ ಹೋದ್ರೆ ಅಲ್ಲಿ ನಿಲ್ಲಿಸ್ತಾರೆ. ಪೆನ್ನಲ್ಲಿ ಎರಡಕ್ಷರ, ಹೊರಗೆ ಎಷ್ಟು ಓಡಾಟ ನೋಡಿ.

ಗಾಂಧಿನಗರದಲ್ಲಿ ಇದನ್ನ ಹಂತ ಹಂತವಾಗಿ ಮಾಡ್ತಾರೆ. ಮೊದಲು ಒನ್‌ಲೈನ್, ಅಂದ್ರೆ ಒಂದೊಂದು ದೃಶ್ಯಕ್ಕೂ ಒಂದೊಂದು ಸಾಲು. ಆಮೇಲೆ ಸೀನ್ ಆರ್ಡರ್. ಕೊನೆಗೆ ಡೈಲಾಗ್ ವರ್ಷನ್. ಹೊಸಬರು ಮಾಡೋ ತಪ್ಪು ಅಂದ್ರೆ ಡೈಲಾಗ್‌ನಿಂದಲೇ ಶುರು ಮಾಡೋದು. ನಾನೂ ಹಂಗೇ ಮಾಡಿ ನಲವತ್ತು ಪುಟ ಹರಿದು ಬಿಸಾಕಿದೀನಿ. ಒಂದು ಪುಟಕ್ಕೆ ಒಂದು ನಿಮಿಷ ಅಂತ ಹಾಲಿವುಡ್‌ನವರ ಲೆಕ್ಕ ಇದೆ. ಅದು ಅವರ ಟೈಪಿಂಗ್ ಅಳತೆಗೆ ಸರಿ, ನಮ್ಮ ಕನ್ನಡ ಕೈಬರಹಕ್ಕೆ ಕೂಡಿ ಬರಲ್ಲ. ಗಟ್ಟಿಯಾಗಿ ಓದಿ ಮೊಬೈಲ್‌ನಲ್ಲಿ ಟೈಮ್ ನೋಡ್ಕೊಳ್ಳೋದೇ ವಾಸಿ.

ಕಲಿಯೋದು ಎಲ್ಲಿ?

ಪುಣೆಯ ಎಫ್‌ಟಿಐಐನಲ್ಲಿ ಚಿತ್ರಕಥೆಗೆ ಅಂತಲೇ ಕೋರ್ಸ್ ಇದೆ. ಆದ್ರೆ ಡಿಗ್ರಿ ಮುಗಿದಿರಬೇಕು, ಎಂಟ್ರೆನ್ಸ್ ಪಾಸಾಗಬೇಕು. ನನ್ನಂಥವರಿಗೆ ಬಾಗಿಲು ಮುಚ್ಚಿದೆ, ಅದು ನನ್ನದೇ ತಪ್ಪು. ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಕ್ಯಾಮೆರಾ, ಸೌಂಡ್ ಡಿಪ್ಲೊಮಾ ಇದೆ. ವಾಟ್ಸಾಪ್‌ನಲ್ಲಿ ಬರೋ ‘15 ದಿನದಲ್ಲಿ ರೈಟರ್ ಆಗಿ’ ಜಾಹೀರಾತಿಗೆ ದುಡ್ಡು ಕಟ್ಟೋ ಮುಂಚೆ ಪಾಠ ಮಾಡೋರು ಬರೆದ ಯಾವ ಸಿನಿಮಾ ತೆರೆಗೆ ಬಂದಿದೆ ಅಂತ ಕೇಳಿ.

ಆದ್ರೆ ನನ್ನ ಪ್ರಕಾರ ನಮ್ಮ ಜಿಲ್ಲೆಯವರಿಗೆ ಇನ್ನೊಂದು ದಾರಿ ಇದೆ, ಅದಕ್ಕೆ ಫೀಸ್ ಇಲ್ಲ. ಇಷ್ಟು ಸಿನಿಮಾ ಆದ ಪುಸ್ತಕಗಳು ಬೇರೆ ಯಾವ ಜಿಲ್ಲೆಲಿ ಇವೆ ಹೇಳಿ? ಮೇಳಿಗೆಯ ಯು.ಆರ್. ಅನಂತಮೂರ್ತಿ ‘ಘಟಶ್ರಾದ್ಧ’ ಕಥೆ ಬರೆದರು. ಅದೇ ತೀರ್ಥಹಳ್ಳಿ ತಾಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ 1977ರಲ್ಲಿ ಅದನ್ನ ಸಿನಿಮಾ ಮಾಡಿ ಸ್ವರ್ಣಕಮಲ ತಂದರು. ಕಾಸರವಳ್ಳಿ ಓದಿದ್ದು ಮೊದಲು ಬಿ.ಫಾರ್ಮಾ, ಆಮೇಲೆ ಪುಣೆಗೆ ಹೋದವರು. ಆ ಸಿನಿಮಾದ ಹಳೇ ಪ್ರಿಂಟ್ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು. ಸಾಗರದ ನಾ. ಡಿಸೋಜ ಲಿಂಗನಮಕ್ಕಿ ನೀರಲ್ಲಿ ಮುಳುಗಿದವರ ಬದುಕು ಇಟ್ಕೊಂಡು ‘ದ್ವೀಪ’ ಬರೆದರು. ಅದನ್ನೂ ಕಾಸರವಳ್ಳಿ ಸಿನಿಮಾ ಮಾಡಿದ್ರು, ನಟಿ ಸೌಂದರ್ಯ ನಟಿಸಿ ನಿರ್ಮಾಣನೂ ಮಾಡಿದ್ರು, ಅದಕ್ಕೂ ಸ್ವರ್ಣಕಮಲ ಬಂತು. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಶೂಟ್ ಮಾಡಿದ್ದು ಆಗುಂಬೆಯಲ್ಲಿ. ರೈಲು ಸ್ಟೇಷನ್ ಬೇಕಾದಾಗ ಬಂದಿದ್ದು ಅರಸಾಳಿಗೆ. ಈಗ ಅಲ್ಲಿ ಮಾಲ್ಗುಡಿ ಮ್ಯೂಸಿಯಂ ಇದೆ.

(ನಮ್ಮ ಪಕ್ಕದ ಗಾಜನೂರು ನೋಡಿ ‘ಅಣ್ಣಾವ್ರ ಊರು ಇದೇನಾ’ ಅಂತ ಕೇಳೋ ಪ್ರವಾಸಿಗರು ಈಗಲೂ ಸಿಗ್ತಾರೆ. ಅಲ್ಲ. ಅದು ತಾಳವಾಡಿ ಕಡೆಯ ಗಾಜನೂರು. ಇದು ಡ್ಯಾಂ ಗಾಜನೂರು.)

ಮಾಡಬೇಕಾದ್ದು ಇಷ್ಟು. ‘ಘಟಶ್ರಾದ್ಧ’ ಕಥೆ ಲೈಬ್ರರಿಯಿಂದ ತಂದು ಓದಿ. ಆಮೇಲೆ ಸಿನಿಮಾ ನೋಡ್ತಾ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ದೃಶ್ಯಕ್ಕೂ ಒಂದು ಸಾಲು ಬರೀತಾ ಹೋಗಿ. ಪುಸ್ತಕದಲ್ಲಿ ಪುಟಗಟ್ಟಲೆ ಇರೋ ಮನಸ್ಸಿನ ಮಾತನ್ನ ಸಿನಿಮಾದಲ್ಲಿ ಪುಟ್ಟ ಹುಡುಗನ ಒಂದು ನೋಟದಲ್ಲಿ ಹೆಂಗೆ ಮುಗಿಸಿದಾರೆ ಅನ್ನೋದು ಕಣ್ಣಿಗೆ ಕಾಣುತ್ತೆ. ನಾನು ‘ದ್ವೀಪ’ಕ್ಕೆ ಹೀಗೆ ಮಾಡಿದೆ. ಎರಡು ರಾತ್ರಿ ಹಿಡೀತು, ಮೂರು ವರ್ಷ ಯೂಟ್ಯೂಬ್ ಪಾಠ ಕೇಳಿದ್ದಕ್ಕಿಂತ ಜಾಸ್ತಿ ತಿಳೀತು. ಹೆಗ್ಗೋಡಿನ ನೀನಾಸಂ ಬಗ್ಗೆ ಹೇಳಲೇಬೇಕು. ಕೆ.ವಿ. ಸುಬ್ಬಣ್ಣ ಅಡಿಕೆ ತೋಟದ ಊರಿಗೆ ಜಗತ್ತಿನ ದೊಡ್ಡ ದೊಡ್ಡ ಸಿನಿಮಾ ತಂದು ಹಳ್ಳಿ ಜನಕ್ಕೆ ತೋರಿಸಿದವರು. ಅಲ್ಲಿ ನಾಟಕ ಕಲಿತು ಸಿನಿಮಾಕ್ಕೆ ಹೋದವರು ಸುಮಾರು ಜನ ಇದಾರೆ.

ಒಂದು ಎಚ್ಚರಿಕೆ. ಕಲಿಯೋಕೆ ಬರೆದ್ರೆ ಪರವಾಗಿಲ್ಲ, ಆದ್ರೆ ಪುಸ್ತಕದ ಕಥೆ ತಗೊಂಡು ಸಿನಿಮಾ ಮಾಡೋಕೆ ಹಕ್ಕು ಪಡೀಲೇಬೇಕು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರದ್ದು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ. ಅಂದ್ರೆ 2054 ಮುಗಿಯೋವರೆಗೂ ಕೇಳದೆ ಮುಟ್ಟೋ ಹಾಗಿಲ್ಲ. ‘ನಮ್ಮೂರ ಕವಿ, ನಮ್ದೇ ಕಥೆ’ ಅನ್ನೋದು ಕೋರ್ಟಲ್ಲಿ ನಡೆಯಲ್ಲ.

ಬರೆದಾಯ್ತು, ಮುಂದೆ?

ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ, ಆದ್ರೆ ಜಗಳ ಬಂದಾಗ ತಾರೀಕಿನ ಪುರಾವೆ ಬೇಕಲ್ಲ. ದೆಹಲಿಯ ಕಾಪಿರೈಟ್ ಆಫೀಸಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಸಾಹಿತ್ಯ ಕೃತಿ ಅಂತ ಹಾಕಬೇಕು, ಶುಲ್ಕ 500 ರೂಪಾಯಿ. ಯಾರದಾದ್ರೂ ತಕರಾರು ಇದೆಯಾ ಅಂತ 30 ದಿನ ಕಾಯ್ತಾರೆ, ಆಮೇಲೆ ಪರಿಶೀಲನೆ. ಸಿನಿಮಾ ಅಂತ ಹಾಕಿದ್ರೆ 5000 ಆಗುತ್ತೆ, ಅದು ನಿರ್ಮಾಪಕರಿಗೆ. ಸೈಬರ್ ಸೆಂಟರ್‌ನವರು ಕನ್ಫ್ಯೂಸ್ ಮಾಡ್ಕೋತಾರೆ, ಪಕ್ಕದಲ್ಲೇ ಕೂತು ತುಂಬಿಸಿ. ಇದಲ್ಲದೆ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ. ಮೆಂಬರ್ ಆದ್ರೆ ಮನೇಲೇ ಕೂತು ಸ್ಕ್ರಿಪ್ಟ್ ರಿಜಿಸ್ಟರ್ ಮಾಡಬಹುದು. ‘ನಮಗೆ ನಾವೇ ರಿಜಿಸ್ಟರ್ಡ್ ಪೋಸ್ಟ್ ಮಾಡ್ಕೊಂಡು ಕವರ್ ಒಡೀದೆ ಇಟ್ಕೋಬೇಕು’ ಅಂತ ಒಂದು ಹಳೇ ನಂಬಿಕೆ ಇದೆ. ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಬೆಂಗಳೂರಿನ ವಾಣಿಜ್ಯ ಮಂಡಳಿಯಲ್ಲಿ ಮಾಡಿಸೋದು ಟೈಟಲ್ ರಿಜಿಸ್ಟರ್. ಅದು ನಿರ್ಮಾಪಕರ ಕೆಲಸ. ಬರೀ ಟೈಟಲ್‌ಗೆ ಕಾಪಿರೈಟ್ ಇಲ್ಲ ಅಂತ 2015ರಲ್ಲಿ ‘ದೇಸಿ ಬಾಯ್ಸ್’ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ‘ಟೈಟಲ್ ಲಾಕ್ ಮಾಡಿಸ್ತೀನಿ, ಹತ್ತು ಸಾವಿರ ಕೊಡಿ’ ಅಂತ ಬರಹಗಾರನ್ನ ಯಾರಾದ್ರೂ ಕೇಳಿದ್ರೆ ಎದ್ದು ಬನ್ನಿ. ಈ ವ್ಯಾಪಾರದಲ್ಲಿ ದುಡ್ಡು ನಿರ್ಮಾಪಕನ ಕಡೆಯಿಂದ ಬರಹಗಾರನ ಕಡೆಗೆ ಹರೀಬೇಕು, ಉಲ್ಟಾ ಅಲ್ಲ.

ಅಗ್ರಿಮೆಂಟ್ ವಿಷಯ ಸ್ವಲ್ಪ ನಿಧಾನಕ್ಕೆ ಓದಿ, ಇಲ್ಲೇ ಜಾಸ್ತಿ ಜನ ಬೀಳೋದು. ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು, ಸಹಿ ಇರಬೇಕು. ಬಾಯಿಮಾತಿಗೆ ಬೆಲೆ ಇಲ್ಲ. ಎಷ್ಟು ವರ್ಷಕ್ಕೆ ಅಂತ ಬರೆಯದೆ ಬಿಟ್ಟಿದ್ರೆ ಕಾನೂನು ಅದನ್ನ 5 ವರ್ಷ ಅಂತ ತಗೊಳ್ಳುತ್ತೆ. ಎಲ್ಲಿಗೆ ಅಂತ ಬರೆಯದಿದ್ರೆ ಭಾರತಕ್ಕೆ ಮಾತ್ರ. ಹಕ್ಕು ತಗೊಂಡವರು ಒಂದು ವರ್ಷ ಏನೂ ಮಾಡದೆ ಇಟ್ಕೊಂಡ್ರೆ, ಅಗ್ರಿಮೆಂಟಲ್ಲಿ ಬೇರೆ ಥರ ಬರೆದಿಲ್ಲ ಅಂದ್ರೆ, ಆ ವರ್ಗಾವಣೆ ಬಿದ್ದುಹೋಗುತ್ತೆ. ಅದಕ್ಕೇ ಅವರು ‘ಎಲ್ಲಾ ಭಾಷೆ, ಎಲ್ಲಾ ಮಾಧ್ಯಮ, ಇಡೀ ಜಗತ್ತು, ಶಾಶ್ವತವಾಗಿ’ ಅಂತ ಟೈಪ್ ಮಾಡಿಸ್ಕೊಂಡು ಬರೋದು. ಅದನ್ನ ಹೊಡೆದುಹಾಕಿ ‘ಕನ್ನಡ ಸಿನಿಮಾಕ್ಕೆ ಮಾತ್ರ, ಇಷ್ಟು ವರ್ಷ’ ಅಂತ ಕೇಳೋ ಧೈರ್ಯ ಬೇಕು. ರೀಮೇಕ್ ಹಕ್ಕಿನ ದುಡ್ಡು ಕೆಲವು ಸಲ ಮೂಲ ಸಿನಿಮಾಕ್ಕಿಂತ ದೊಡ್ಡದು.

2012ರ ತಿದ್ದುಪಡಿ ಬಂದ ಮೇಲೆ, ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳಲ್ಲಿ ಬರಹಗಾರನಿಗೆ ಬರಬೇಕಾದ ರಾಯಲ್ಟಿ ಹಕ್ಕನ್ನ ನಿರ್ಮಾಪಕರು ಬರೆಸಿಕೊಳ್ಳೋ ಹಾಗಿಲ್ಲ. ಕಾನೂನಲ್ಲಿ ಇದೆ, ಕೈಗೆ ಬರೋದು ಬೇರೆ ಮಾತು. ಹಕ್ಕು ಮಾರಿದ ಮೇಲೂ ‘ಇದು ನಾನು ಬರೆದಿದ್ದು’ ಅಂತ ಹೇಳ್ಕೊಳ್ಳೋ ಹಕ್ಕು ನಿಮ್ಮ ಹತ್ರನೇ ಉಳಿಯುತ್ತೆ. ಕಂತು ಹೆಂಗೆ ಅಂದ್ರೆ ಸಾಮಾನ್ಯವಾಗಿ ಸಹಿ ದಿನ ಅಡ್ವಾನ್ಸ್, ಡ್ರಾಫ್ಟ್ ಕೊಟ್ಟಾಗ ಒಂದು ಭಾಗ, ಶೂಟಿಂಗ್ ಶುರುವಾದಾಗ ಇನ್ನೊಂದು. ‘ರಿಲೀಸ್ ಆದ್ಮೇಲೆ ಕೊಡ್ತೀನಿ’ ಅನ್ನೋ ಕಂತು ಎಷ್ಟು ಸಣ್ಣದಿದ್ರೆ ಅಷ್ಟು ಒಳ್ಳೇದು. ತಿಂಗಳ ಸಂಪಾದನೆ ಬೇಕು ಅನ್ನೋರಿಗೆ ಸಿನಿಮಾಕ್ಕಿಂತ ಸೀರಿಯಲ್ ವಾಸಿ. ಅಲ್ಲಿ ಎಪಿಸೋಡ್ ಲೆಕ್ಕದಲ್ಲಿ ಸಂಭಾಷಣೆಗೆ ದುಡ್ಡು ಕೊಡ್ತಾರೆ. ಆದ್ರೆ ಹಗಲು ರಾತ್ರಿ ಅಂತ ಇಲ್ಲ, ನಾಳೆ ಶೂಟಿಂಗ್‌ಗೆ ಇವತ್ತು ಹಾಳೆ ಹೋಗಬೇಕು.

ಅಂಗಡಿಯವರಿಗೆ ಒಂದು ಮಾತು

ಶಾರ್ಟ್ ಫಿಲ್ಮ್ ಮಾಡ್ತೀವಿ, ನಿಮ್ಮ ಅಂಗಡಿ ಬೋರ್ಡ್ ತೋರಿಸ್ತೀವಿ, ಐದು ಸಾವಿರ ಕೊಡಿ ಅಂತ ಹುಡುಗ್ರು ಬಂದ್ರೆ ಬೈದು ಕಳಿಸಬೇಡಿ. ಸ್ಕ್ರಿಪ್ಟ್ ಕೇಳಿ. ಹತ್ತು ಹಾಳೆ ಕೊಟ್ರೆ ಓದಿ: ಎಷ್ಟು ದೃಶ್ಯ, ಎಷ್ಟು ರಾತ್ರಿ ದೃಶ್ಯ, ಆನೆ ಇದೆಯಾ, ನಿಮ್ಮ ಅಂಗಡಿ ಯಾವ ದೃಶ್ಯದಲ್ಲಿ ಬರುತ್ತೆ. ‘ಸ್ಕ್ರಿಪ್ಟ್ ತಲೇಲಿದೆ ಅಣ್ಣ’ ಅಂದ್ರೆ ಟೀ ಕೊಟ್ಟು ಕಳಿಸಿ.

ಇನ್ನು ನನ್ನ ಆನೆ ಕಥೆ. ಓದ್ತಾ ಓದ್ತಾ ಗೊತ್ತಾಗಿದ್ದೇನಂದ್ರೆ, ಆನೆ ಗಂಟೆಗೆ ಕೆಸರು ತುಂಬೋ ಕಥೆ ನಮ್ಮ ಸಕ್ರೆಬೈಲಿಂದು ಮಾತ್ರ ಅಲ್ಲ. ಬರ್ಮಾದಲ್ಲಿ ಮರ ಎಳೀತಿದ್ದ ಆನೆಗಳ ಬಗ್ಗೆ ಬ್ರಿಟಿಷರ ಕಾಲದವರೊಬ್ಬರು ಬರೆದ ಪುಸ್ತಕದಲ್ಲೂ ಇದೆ. ಅಂದ್ರೆ ಆ ಶಾರ್ಟ್ ಫಿಲ್ಮ್‌ನವರು ನನ್ನದನ್ನ ಕದ್ದರು ಅಂತ ನಾನು ಗಟ್ಟಿಯಾಗಿ ಹೇಳೋ ಹಾಗೂ ಇಲ್ಲ. ಅದಕ್ಕಿಂತ ಮುಖ್ಯ ಏನಂದ್ರೆ, ಆ ಕಥೆ ನಾನೂ ಕೇಳಿದ್ದೇ. ಇಲ್ಲಿನ ಒಬ್ಬ ಹಿರಿಯ ಮಾವುತರು ಹೇಳಿದ್ದು. ಅವತ್ತು ಟೀ ಅಂಗಡಿಲಿ ಕೂತು ನನ್ನದು ಅಂತ ಹೇಳೋವಾಗ ಅವರ ಹೆಸರು ನನ್ನ ಬಾಯಿಗೆ ಬಂದಿರಲಿಲ್ಲ.

ಹೋದ ತಿಂಗಳು ಹಾಳೆ ಹಿಡ್ಕೊಂಡು ಅವರ ಮನೆಗೆ ಹೋದೆ. ದೃಶ್ಯ 1 ಓದಿದೆ. ಕೇಳ್ತಾ ಕೇಳ್ತಾ ಅವರು ತಲೆ ಅಲ್ಲಾಡಿಸಿದ್ರು. ‘ಹನ್ನೆರಡು ವರ್ಷದ ಹುಡುಗನ್ನ ಒಬ್ನೇ ಯಾವನು ಕಳಿಸ್ತಾನೆ ಕಾಡಿಗೆ? ಆಮೇಲೆ ಆನೆ ಹತ್ರ ಹಂಗೆ ಸದ್ದಿಲ್ದೆ ಹೋಗಬಾರ್ದು. ದೂರದಿಂದ್ಲೇ ಹೆಸರು ಹಿಡಿದು ಕೂಗಬೇಕು. ನಾವು ಬಂದ್ವಿ ಅಂತ ಅದಕ್ಕೆ ಗೊತ್ತಾಗಬೇಕು.’

ಅಲ್ಲೇ ಕೂತು ತಿದ್ದಿದೆ. ಈಗ ಅಪ್ಪ ಮಗ ಇಬ್ಬರೂ ಇದಾರೆ. ಅಪ್ಪ ಆನೆ ಹೆಸರು ಕೂಗ್ತಾನೆ. ಉತ್ತರ ಇಲ್ಲ. ಮತ್ತೆ ಕೂಗ್ತಾನೆ. ಬಿದಿರು ಮೆಳೆ ಹಿಂದೆ ಒಂದು ಕಿವಿ ಮಾತ್ರ ಅಲ್ಲಾಡುತ್ತೆ.

‘ಇದ್ರಲ್ಲಿ ನನ್ ಹೆಸ್ರು ಬರುತ್ತಾ?’ ಅಂತ ಕೇಳಿದ್ರು. ಮೊದಲನೇ ಪುಟ ತೋರಿಸಿದೆ, ಕಥೆ ಅಂತ ಇರೋ ಸಾಲು. ಕೆಳಗೆ ಇಬ್ಬರೂ ಸಹಿ ಹಾಕಿದ್ವಿ, ತಾರೀಕು ಬರೆದ್ವಿ. 500 ರೂಪಾಯಿ ಅರ್ಜಿ ಮುಂದಿನ ವಾರ ಹಾಕ್ತೀನಿ.